ಶರಪಂಜರ (ಚಲನಚಿತ್ರ)

ಶರಪಂಜರ 1972ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಕಾದಂಬರಿಕಾರ್ತಿ ತ್ರಿವೇಣಿಯವರ ಇದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದರು. ಪ್ರಧಾನ ಪಾತ್ರಗಳಲ್ಲಿ ಕಲ್ಪನಾ ಮತ್ತು ಗಂಗಾಧರ್ ಅಭಿನಯಿಸಿದ್ದಾರೆ. ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣಮುಖಳಾಗಿ ಮನೆಗೆ ಮರಳುವ ಗೃಹಿಣಿಯೊಬ್ಬಳ ಕಥೆ ಇದರ ವಸ್ತು.

ಮಾನಸಿಕ ಕಾಯಿಲೆಯನ್ನು ಹಾಸ್ಯಕ್ಕೋ ಭಯಕ್ಕೋ ಬಳಸಿಕೊಳ್ಳದೆ, ಒಂದು ಕುಟುಂಬದೊಳಗಿನ ಪ್ರೀತಿಯ ಪರೀಕ್ಷೆಯಾಗಿ ಕಂಡ ಕನ್ನಡದ ಮೊದಮೊದಲ ಚಿತ್ರಗಳಲ್ಲಿ ಶರಪಂಜರವೂ ಒಂದು. ಕಾಯಿಲೆ ಹೇಗೆ ಬಂತು ಎಂಬುದಕ್ಕಿಂತ, ಕಾಯಿಲೆ ವಾಸಿಯಾದ ಮೇಲೆ ಆ ವ್ಯಕ್ತಿಗೆ ಮನೆಯಲ್ಲಿ ಎಂಥ ಸ್ಥಾನ ದೊರೆಯುತ್ತದೆ ಎಂಬುದೇ ಚಿತ್ರದ ಮುಖ್ಯ ಪ್ರಶ್ನೆ. 20ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಕನ್ನಡದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಗೆ ಪಾತ್ರವಾಯಿತು.

ನಿರ್ದೇಶನ: ಪುಟ್ಟಣ್ಣ ಕಣಗಾಲ್
ಮೂಲ ಕಥೆ: ತ್ರಿವೇಣಿ
ತಾರಾಗಣ: ಕಲ್ಪನಾ, ಗಂಗಾಧರ್, ಲೀಲಾವತಿ, ಶಿವರಾಂ ಮುಂತಾದವರು
ಸಂಗೀತ: ವಿಜಯಭಾಸ್ಕರ್
ಬಿಡುಗಡೆಯ ವರ್ಷ: 1972
ಭಾಷೆ: ಕನ್ನಡ

## ಶೀರ್ಷಿಕೆಯ ಅರ್ಥ

'ಶರ' ಎಂದರೆ ಬಾಣ. 'ಪಂಜರ' ಎಂದರೆ ಗೂಡು. ಬಾಣಗಳಿಂದಲೇ ಹೆಣೆದ ಪಂಜರ ಎಂಬುದು ಈ ಸಮಾಸಪದದ ಅರ್ಥ. ಪುರಾಣಕಥೆಗಳಲ್ಲಿ ಶರಪಂಜರವು ಬಿಲ್ಲುಗಾರನ ಕೌಶಲದ ಕುರುಹು. ತ್ರಿವೇಣಿಯವರು ಈ ಪದಕ್ಕೆ ಬೇರೆಯೇ ಅರ್ಥಚ್ಛಾಯೆ ಕೊಟ್ಟರು. ಇಲ್ಲಿ ಬಾಣಗಳು ಸುತ್ತಲಿನವರ ಮಾತು, ನೋಟ ಮತ್ತು ಸಂಶಯಗಳು. ಅವುಗಳ ನಡುವೆ ಸಿಲುಕಿದವಳು ಯಾವ ಕಡೆಗೆ ಹೆಜ್ಜೆಯಿಟ್ಟರೂ ಚುಚ್ಚಿಸಿಕೊಳ್ಳಬೇಕಾಗುತ್ತದೆ.

## ಮೂಲ ಕಾದಂಬರಿ ಮತ್ತು ಲೇಖಕಿ

ತ್ರಿವೇಣಿ (1928–1963) ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. ಇವರು ಕನ್ನಡದ ಆಚಾರ್ಯ ಪುರುಷ ಬಿ. ಎಂ. ಶ್ರೀಕಂಠಯ್ಯನವರ ಮನೆತನಕ್ಕೆ ಸೇರಿದವರು. ಲೇಖಕಿ ಆರ್ಯಾಂಬ ಪಟ್ಟಾಭಿ ಇವರ ತಂಗಿ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಪದವಿ ಪಡೆದ ತ್ರಿವೇಣಿಯವರು ಆ ಅಧ್ಯಯನವನ್ನು ಕಾದಂಬರಿಯ ರಚನೆಗೆ ತಂದರು. ಬೆಕ್ಕಿನ ಕಣ್ಣು, ಶರಪಂಜರ ಮುಂತಾದ ಕೃತಿಗಳಲ್ಲಿ ಮನಸ್ಸಿನ ಒಳತೋಟಿಯೇ ಕಥೆಯನ್ನು ನಡೆಸುತ್ತದೆ. ಮಧ್ಯಮ ವರ್ಗದ ಮನೆ, ಮದುವೆ, ಬಸಿರು, ಬಾಣಂತನ, ಅತ್ತೆ ಮನೆ, ತವರು ಮನೆ ಇವೇ ಅವರ ಕಾದಂಬರಿಗಳ ಆವರಣ. ಓದುಗರಿಗೆ, ಅದರಲ್ಲಿಯೂ ಓದುಗಿತಿಯರಿಗೆ, ಇದು ತಮ್ಮ ಮನೆಯ ಪಕ್ಕದಲ್ಲಿಯೇ ನಡೆದಂತೆ ತೋರುತ್ತಿತ್ತು.

ತ್ರಿವೇಣಿಯವರು 1963ರ ಜುಲೈ ತಿಂಗಳಿನಲ್ಲಿ, ಮಗಳಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ತೀರಿಕೊಂಡರು. ಆಗ ಅವರಿಗೆ 34 ವರ್ಷ. ಬಾಣಂತಿಯ ಮನಸ್ಸಿನ ಸಂಕಟವನ್ನು ಕನ್ನಡದಲ್ಲಿ ಅಷ್ಟು ಸೂಕ್ಷ್ಮವಾಗಿ ಬರೆದ ಲೇಖಕಿ ಬಾಣಂತನದಲ್ಲಿಯೇ ನಿಧನರಾದದ್ದು ಕನ್ನಡ ಸಾಹಿತ್ಯದ ದುಃಖದ ಸಂಗತಿಗಳಲ್ಲೊಂದು. ತಮ್ಮ ಕಾದಂಬರಿಗಳು ಚಲನಚಿತ್ರಗಳಾದುದನ್ನು ನೋಡಲು ಅವರು ಉಳಿದಿರಲಿಲ್ಲ. ಪುಟ್ಟಣ್ಣ ಕಣಗಾಲ್ ಅವರು 1966ರಲ್ಲಿ ಬೆಕ್ಕಿನ ಕಣ್ಣು ಕಾದಂಬರಿಯನ್ನು 'ಪೂಚ್ಚಕ್ಕಣ್ಣಿ' ಎಂಬ ಹೆಸರಿನಲ್ಲಿ ಮಲಯಾಳಂ ಭಾಷೆಯಲ್ಲಿಯೂ, 1967ರಲ್ಲಿ ಬೆಳ್ಳಿ ಮೋಡವನ್ನು ಕನ್ನಡದಲ್ಲಿಯೂ ತೆರೆಗೆ ತಂದರು. ಆ ಬಳಿಕ ಅವರು ಕೈಗೆತ್ತಿಕೊಂಡ ತ್ರಿವೇಣಿಯವರ ಕೃತಿ ಶರಪಂಜರ.

## ಕಥಾಸಾರಾಂಶ

ಕಾವೇರಿ (ಕಲ್ಪನಾ) ವಿದ್ಯಾವಂತೆ, ಲವಲವಿಕೆಯ ತರುಣಿ. ಮದುವೆಯ ಮನೆಯೊಂದರಲ್ಲಿ ಆಕೆಗೂ ಸತೀಶನಿಗೂ (ಗಂಗಾಧರ್) ಪರಿಚಯವಾಗುತ್ತದೆ. ಪರಸ್ಪರ ಮೆಚ್ಚಿಕೊಂಡು, ಹಿರಿಯರ ಒಪ್ಪಿಗೆಯಿಂದ ಇಬ್ಬರೂ ವಿವಾಹವಾಗುತ್ತಾರೆ. ಅವರ ದಾಂಪತ್ಯ ಸುಖಮಯವಾಗಿರುತ್ತದೆ. ಮೊದಲ ಮಗುವಿನೊಡನೆ ಸಂಸಾರ ಸಾಂಗವಾಗಿ ಸಾಗುತ್ತದೆ.

ಎರಡನೆಯ ಹೆರಿಗೆಯ ಸಂದರ್ಭದಲ್ಲಿ ಕಾವೇರಿಯ ಮನಸ್ಸು ಸ್ತಿಮಿತ ತಪ್ಪುತ್ತದೆ. ವಿವಾಹಕ್ಕೆ ಮೊದಲು ಆಕೆಯ ಬದುಕಿನಲ್ಲಿ ನಡೆದಿದ್ದ ಕಹಿ ಘಟನೆಯೊಂದು, ಅದರೊಡನೆ ಬೆಳೆದಿದ್ದ ಅಪರಾಧಿ ಭಾವ, ಮನಸ್ಸಿನ ಆಳದಿಂದ ಮೇಲೆದ್ದು ಬರುತ್ತವೆ. ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಗುತ್ತದೆ. ಚಿಕಿತ್ಸೆ ಫಲಕಾರಿಯಾಗಿ ಕಾವೇರಿ ಗುಣಮುಖಳಾಗುತ್ತಾಳೆ.

ಕಥೆಯ ತಿರುಳು ಇಲ್ಲಿಂದ ಆರಂಭವಾಗುತ್ತದೆ. ಮನೆಗೆ ಮರಳಿದ ಕಾವೇರಿಯನ್ನು ನೆಂಟರಿಷ್ಟರು, ನೆರೆಹೊರೆಯವರು ಮೊದಲಿನ ಕಾವೇರಿಯೆಂದು ಕಾಣುವುದಿಲ್ಲ. ಎಲ್ಲರ ಕಣ್ಣಿಗೂ ಆಕೆ ಆಸ್ಪತ್ರೆಯಿಂದ ಬಂದವಳು. ಆಕೆಯ ಹಿಂದಿನ ಸಂಗತಿ ತಿಳಿದ ಸತೀಶ ಮನಸ್ಸನ್ನು ದೂರ ಸರಿಸಿಕೊಂಡಿರುತ್ತಾನೆ. ಪತಿಯ ಪ್ರೀತಿಯನ್ನು ಮತ್ತೆ ಗಳಿಸಲು ಕಾವೇರಿ ಪಡುವ ಪ್ರಯತ್ನಗಳು ಒಂದೊಂದಾಗಿ ಸೋಲುತ್ತವೆ. ಕೊನೆಗೆ, ಕಚೇರಿಯ ಸಹೋದ್ಯೋಗಿಯೊಬ್ಬಳೊಡನೆ ಪತಿಗಿರುವ ಸಂಬಂಧ ಆಕೆಗೆ ತಿಳಿಯುತ್ತದೆ. ಆ ಆಘಾತವನ್ನು ತಾಳಲಾರದೆ ಕಾವೇರಿಯ ಮನಸ್ಸು ಮತ್ತೆ ಕದಡುತ್ತದೆ. ಆಕೆ ಮರಳಿ ಆಸ್ಪತ್ರೆಯನ್ನು ಸೇರುವುದರೊಂದಿಗೆ ಚಿತ್ರ ಮುಕ್ತಾಯವಾಗುತ್ತದೆ.

## ನಿರ್ದೇಶನ ಮತ್ತು ಅಭಿನಯ

ಪುಟ್ಟಣ್ಣ ಕಣಗಾಲ್ (1933–1985) ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್ ಗ್ರಾಮದವರು. ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ದುಡಿದು ನಿರ್ದೇಶಕರಾದವರು. ಸ್ತ್ರೀಯನ್ನು ಕೇಂದ್ರದಲ್ಲಿರಿಸಿದ ಕಥೆಗಳನ್ನು, ಅವುಗಳಲ್ಲಿಯೂ ಜನಪ್ರಿಯ ಕಾದಂಬರಿಗಳನ್ನು, ಆಯ್ದು ಚಿತ್ರಿಸುವುದು ಅವರ ಪದ್ಧತಿಯಾಗಿತ್ತು. ಎಂ. ಕೆ. ಇಂದಿರಾ ಅವರ ಕೃತಿಯನ್ನು ಆಧರಿಸಿದ ಗೆಜ್ಜೆಪೂಜೆ (1969), ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಎಡಕಲ್ಲು ಗುಡ್ಡದ ಮೇಲೆ (1973) ಇದಕ್ಕೆ ನಿದರ್ಶನಗಳು. ಅಂದಿನ ಜನಪ್ರಿಯ ಚಿತ್ರಗಳಿಗೂ ಕಲಾತ್ಮಕ ಚಿತ್ರಗಳಿಗೂ ನಡುವಣ ದಾರಿಯೊಂದನ್ನು ಅವರು ತುಳಿದರು. ಹಾಡು, ಹೊರಾಂಗಣದ ಸೊಬಗು, ಭಾವೋತ್ಕಟ ಸಂಭಾಷಣೆ ಇವನ್ನು ಉಳಿಸಿಕೊಂಡೇ ಗಂಭೀರ ವಸ್ತುವನ್ನು ಸಾಮಾನ್ಯ ಪ್ರೇಕ್ಷಕರಿಗೆ ತಲುಪಿಸಿದರು.

'ಮಿನುಗುತಾರೆ' ಎಂದು ಹೆಸರಾದ ಕಲ್ಪನಾ (1943–1979) ಅವರ ವೃತ್ತಿಜೀವನದಲ್ಲಿ ಕಾವೇರಿಯ ಪಾತ್ರಕ್ಕೆ ವಿಶಿಷ್ಟ ಸ್ಥಾನವಿದೆ. ಈ ಪಾತ್ರದಲ್ಲಿ ಮೂರು ಅವಸ್ಥೆಗಳಿವೆ: ಮದುವೆಯ ಹೊಸತಿನ ಉಲ್ಲಾಸ, ಅಸ್ವಸ್ಥತೆಯ ಉದ್ವೇಗ, ಗುಣವಾದ ನಂತರದ ಅಳುಕು. ಇವುಗಳಲ್ಲಿ ಮೂರನೆಯದು ಅತ್ಯಂತ ಕಷ್ಟಕರವಾದುದು. ಗುಣವಾದವಳು ತಾನು ಗುಣವಾಗಿದ್ದೇನೆಂದು ಪ್ರತಿಕ್ಷಣವೂ ಸಾಬೀತುಪಡಿಸಬೇಕಾದ ಒತ್ತಡವನ್ನು ಕಲ್ಪನಾ ಅವರು ನಗುವಿನಲ್ಲಿ, ಮಾತಿನ ತಡವರಿಕೆಯಲ್ಲಿ, ಕಣ್ಣಿನ ಚಲನೆಯಲ್ಲಿ ತೋರಿಸಿದರು. ಅಂತಿಮ ದೃಶ್ಯಗಳ ಅವರ ಅಭಿನಯ ಇಂದಿಗೂ ಕನ್ನಡ ಚಿತ್ರರಸಿಕರ ಮಾತಿನಲ್ಲಿ ಉದಾಹರಣೆಯಾಗಿ ಬರುತ್ತದೆ.

## ಸಂಗೀತ

ಚಿತ್ರಕ್ಕೆ ವಿಜಯಭಾಸ್ಕರ್ ಸಂಗೀತ ನೀಡಿದ್ದಾರೆ. ನಿರ್ದೇಶಕರ ಸಹೋದರ ಕಣಗಾಲ್ ಪ್ರಭಾಕರ ಶಾಸ್ತ್ರಿ ಹಾಗೂ ವಿಜಯನಾರಸಿಂಹ ಅವರ ಗೀತೆಗಳೊಂದಿಗೆ ವರಕವಿ ದ. ರಾ. ಬೇಂದ್ರೆಯವರ ಕವನವೊಂದನ್ನೂ ಚಿತ್ರದಲ್ಲಿ ಬಳಸಿಕೊಳ್ಳಲಾಗಿದೆ. ಪಿ. ಸುಶೀಲ ಮತ್ತು ಪಿ. ಬಿ. ಶ್ರೀನಿವಾಸ್ ಹಾಡಿದ್ದಾರೆ.

ಹಾಡುಗಳು ಕಥೆಯ ಬೆಳವಣಿಗೆಗೆ ಪೂರಕವಾಗಿವೆ. ದಾಂಪತ್ಯದ ಆರಂಭದ ಹಾಡಿನಲ್ಲಿ ನಾಯಕಿಯ ಹೆಸರು ಕೊಡಗಿನಲ್ಲಿ ಹುಟ್ಟುವ ನದಿಯ ಹೆಸರಿನೊಡನೆ ಬೆರೆಯುತ್ತದೆ. ಇನ್ನೊಂದು ಹಾಡಿನಲ್ಲಿ ವನವಾಸದಿಂದ ಮರಳಿದ ಸೀತೆಯ ರೂಪಕವಿದೆ. ಈ ರೂಪಕ ಅರ್ಥಪೂರ್ಣವಾದುದು. ವನವಾಸ ಮುಗಿಸಿ ಬಂದ ಸೀತೆಗೆ ಉತ್ತರಕಾಂಡದಲ್ಲಿ ಲೋಕಾಪವಾದದ ಕಾರಣದಿಂದ ಮತ್ತೆ ಅರಣ್ಯವೇ ಗತಿಯಾಗುತ್ತದೆ. ಆಸ್ಪತ್ರೆಯಿಂದ ಬಂದ ಕಾವೇರಿ ಮತ್ತೆ ಆಸ್ಪತ್ರೆಗೆ ಹೋಗುವ ಕಥೆಗೆ ಕನ್ನಡ ಪ್ರೇಕ್ಷಕರು ಬಾಲ್ಯದಿಂದ ಬಲ್ಲ ಈ ಕಥೆ ಹಿನ್ನೆಲೆಯಾಗಿ ನಿಲ್ಲುತ್ತದೆ.

## ವಸ್ತುವಿನ ವಿವೇಚನೆ

ಚಿತ್ರದಲ್ಲಿ ವೈದ್ಯಕೀಯ ಚಿಕಿತ್ಸೆ ಸೋಲುವುದಿಲ್ಲ ಎಂಬುದು ಗಮನಿಸಬೇಕಾದ ಅಂಶ. ವೈದ್ಯರು ತಮ್ಮ ಕೆಲಸವನ್ನು ಮಾಡಿ ಮುಗಿಸುತ್ತಾರೆ. ಸೋಲುವುದು ಮನೆ. ಕಾಯಿಲೆಯ ಸಮಯದಲ್ಲಿ ಕಾವೇರಿಗೆ ದೊರೆತ ಅನುಕಂಪ, ಗುಣವಾದ ಮೇಲೆ ಅನುಮಾನವಾಗಿ ಮಾರ್ಪಡುತ್ತದೆ. ಒಮ್ಮೆ ಅಂಟಿದ 'ಹುಚ್ಚಿ' ಎಂಬ ಹೆಸರು ಬಿಟ್ಟುಹೋಗುವುದಿಲ್ಲ. ಇತರರ ಸಿಟ್ಟು ಬರಿಯ ಸಿಟ್ಟು. ಆಕೆಯ ಸಿಟ್ಟು ರೋಗದ ಲಕ್ಷಣ. ಇತರರ ಅಳು ದುಃಖ; ಆಕೆಯ ಅಳು ಮರುಕಳಿಸಿದ ಕಾಯಿಲೆ. ಸಾಮಾನ್ಯ ಮನುಷ್ಯರಿಗಿರುವ ಭಾವನೆಗಳ ಹಕ್ಕೇ ಆಕೆಗೆ ಇಲ್ಲವಾಗುತ್ತದೆ.

ಎರಡನೆಯ ಅಂಶ, ಪತಿ ಪತ್ನಿಯರಿಗೆ ಇರುವ ಬೇರೆ ಬೇರೆ ಅಳತೆಗೋಲು. ಕಾವೇರಿಯ ವಿವಾಹಪೂರ್ವದ ಘಟನೆಯನ್ನು ಸತೀಶ ಕ್ಷಮಿಸಲಾರ. ಆದರೆ ವಿವಾಹದ ನಂತರದ ತನ್ನ ಸಂಬಂಧ ಅವನಿಗೆ ಅಪರಾಧವಾಗಿ ತೋರುವುದಿಲ್ಲ. ಸತೀಶನನ್ನು ಖಳನಾಯಕನಂತೆ ಚಿತ್ರಿಸದೆ ಸಭ್ಯ, ಸುಶಿಕ್ಷಿತ ಗೃಹಸ್ಥನಂತೆ ಚಿತ್ರಿಸಿರುವುದು ಕಥೆಯ ಬಲ. ಪ್ರೀತಿ ಇದ್ದ ಮನೆಯಲ್ಲಿಯೇ ಅದು ಆರಿಹೋಗುವ ಬಗೆಯನ್ನು ಪ್ರೇಕ್ಷಕರು ಕಾಣುತ್ತಾರೆ.

ಚಿತ್ರದ ನಿಲುವಿನಲ್ಲಿ ಒಂದು ಮಿತಿಯೂ ಇದೆ. ಹಿಂದಿನ ಘಟನೆಯ ಅಪರಾಧಿ ಭಾವವೇ ಕಾಯಿಲೆಗೆ ಮೂಲವೆಂಬ ಭಾವನೆ ಕಥೆಯಿಂದ ಮೂಡುತ್ತದೆ. ಇದು ಅಂದು ಪ್ರಚಾರದಲ್ಲಿದ್ದ ಮನೋವಿಶ್ಲೇಷಣೆಯ ಚಿಂತನೆಗೆ ಹೊಂದುವಂಥದು. ಇಂದಿನ ವೈದ್ಯವಿಜ್ಞಾನ ಈ ಕಾಯಿಲೆಯನ್ನು ಬೇರೆ ರೀತಿಯಲ್ಲಿ ವಿವರಿಸುತ್ತದೆ.

## ವೈದ್ಯಕೀಯ ಹಿನ್ನೆಲೆ

ಹೆರಿಗೆಯಾದ ಬಳಿಕ ಬರುವ ತೀವ್ರ ಮಾನಸಿಕ ಅಸ್ವಸ್ಥತೆಯನ್ನು ಕನ್ನಡ ನಾಡಿನಲ್ಲಿ 'ಬಾಣಂತಿ ಸನ್ನಿ' ಎಂದು ಕರೆಯುವ ರೂಢಿಯಿದೆ. ವೈದ್ಯಕೀಯದಲ್ಲಿ ಇದನ್ನು ಪ್ರಸವಾನಂತರದ ಮನೋವಿಕಾರ ಎನ್ನುತ್ತಾರೆ. ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿ ಗರ್ಭಿಣಿಯರ ಮತ್ತು ಬಾಣಂತಿಯರ ಮಾನಸಿಕ ಕಾಯಿಲೆಗಳ ಬಗ್ಗೆ ವಿಸ್ತೃತ ಗ್ರಂಥವನ್ನು ಪ್ರಕಟಿಸಿದ್ದನು.

ಪ್ರತಿ 1000 ಹೆರಿಗೆಗಳಲ್ಲಿ ಸುಮಾರು 1ರಿಂದ 2 ಪ್ರಸಂಗಗಳಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಹೆರಿಗೆಯ ನಂತರದ ಮೊದಲ ಎರಡು ವಾರಗಳಲ್ಲಿ ಆರಂಭವಾಗುತ್ತದೆ. ನಿದ್ರೆ ಬಾರದಿರುವುದು, ಗೊಂದಲ, ಮನಸ್ಸಿನ ಸ್ಥಿತಿಯಲ್ಲಿ ಬೇಗಬೇಗನೆ ಏರಿಳಿತ, ಇಲ್ಲದ ಧ್ವನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರವಾದ ಭಯ ಅಥವಾ ನಂಬಿಕೆ ಇದರ ಮುಖ್ಯ ಲಕ್ಷಣಗಳು. ಹೆರಿಗೆಯ ನಂತರ ಬಹಳಷ್ಟು ತಾಯಂದಿರಿಗೆ ಕೆಲವು ದಿನ ಉಂಟಾಗುವ ಅಳುವಿಕೆ, ಬೇಸರಗಳಿಂದಲೂ, ಹೆಚ್ಚು ಕಾಲ ಉಳಿಯುವ ಪ್ರಸವಾನಂತರದ ಖಿನ್ನತೆಯಿಂದಲೂ ಇದು ಭಿನ್ನ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವುದರಿಂದ ಇದನ್ನು ತುರ್ತು ಚಿಕಿತ್ಸೆಯ ಅಗತ್ಯವಿರುವ ಸ್ಥಿತಿಯೆಂದು ಪರಿಗಣಿಸಲಾಗುತ್ತದೆ.

ಅನುವಂಶೀಯತೆ, ಹಿಂದೆ ಉನ್ಮಾದ ಮತ್ತು ಖಿನ್ನತೆಗಳ ದ್ವಿಧ್ರುವ ಕಾಯಿಲೆ ಇದ್ದಿರುವುದು, ಹಿಂದಿನ ಹೆರಿಗೆಯಲ್ಲಿ ಇದೇ ಕಾಯಿಲೆ ಬಂದಿರುವುದು ಅಪಾಯವನ್ನು ಹೆಚ್ಚಿಸುವ ಅಂಶಗಳು. ಹೆರಿಗೆಯ ಬೆನ್ನಿಗೇ ಆಗುವ ಹಾರ್ಮೋನುಗಳ ಬದಲಾವಣೆ ಮತ್ತು ನಿದ್ರಾಭಂಗಗಳೂ ಕಾರಣಗಳಾಗಿರಬಹುದೆಂದು ಭಾವಿಸಲಾಗಿದೆ. ತಾಯಿಯ ನಡತೆಯಾಗಲಿ, ಆಕೆ ಮಾಡಿದಳೆನ್ನುವ ಯಾವ ತಪ್ಪಾಗಲಿ ಇದಕ್ಕೆ ಕಾರಣವಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ. ಈ ದೃಷ್ಟಿಯಿಂದ, ಗುಣಮುಖಳಾಗಿ ಮನೆಗೆ ಬರುವ ಕಾವೇರಿಯ ಚಿತ್ರಣ ವೈದ್ಯಕೀಯವಾಗಿಯೂ ಸರಿಯಾದುದೇ.

ಮನೆಯ ವಾತಾವರಣದ ಬಗ್ಗೆ ಕಾದಂಬರಿ ಹೇಳಿದ ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಹೋದ್ಯೋಗಿಗಳು 1950 ಮತ್ತು 1960ರ ದಶಕಗಳಲ್ಲಿ ಮಾನಸಿಕ ಆಸ್ಪತ್ರೆಗಳಿಂದ ಮನೆಗೆ ಮರಳಿದ ರೋಗಿಗಳನ್ನು ಅಧ್ಯಯನ ಮಾಡಿದರು. ಸ್ಕಿಜೋಫ್ರೇನಿಯಾದಿಂದ ಬಳಲಿದವರಲ್ಲಿ, ಸದಾ ಟೀಕೆ, ಹಗೆತನ ಅಥವಾ ಅತಿಯಾದ ಭಾವೋದ್ವೇಗ ಇರುವ ಮನೆಗಳಿಗೆ ಮರಳಿದವರಿಗೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚೆಂದು ಕಂಡುಬಂತು. ಮುಂದೆ ಕುಟುಂಬದವರಿಗೂ ತಿಳಿವಳಿಕೆ ನೀಡುವ ಚಿಕಿತ್ಸಾಕ್ರಮಗಳು ಬೆಳೆದುದಕ್ಕೆ ಇದು ತಳಹದಿಯಾಯಿತು.

## ಅಂದಿನ ಕರ್ನಾಟಕದ ಮಾನಸಿಕ ಆಸ್ಪತ್ರೆಗಳು

ಚಿತ್ರ ತೆರೆಕಂಡ ಕಾಲದಲ್ಲಿ ಕರ್ನಾಟಕದ ಜನರಿಗೆ ಪರಿಚಿತವಾಗಿದ್ದ ಎರಡು ಮುಖ್ಯ ಮಾನಸಿಕ ಆಸ್ಪತ್ರೆಗಳು ಬೆಂಗಳೂರು ಮತ್ತು ಧಾರವಾಡಗಳಲ್ಲಿದ್ದವು. ಬೆಂಗಳೂರಿನ ಹಳೆಯ ಆಸ್ಪತ್ರೆಗೆ ಮೈಸೂರು ಸಂಸ್ಥಾನದ ಆಡಳಿತ 1925ರಲ್ಲಿ 'ಮಾನಸಿಕ ಆಸ್ಪತ್ರೆ' ಎಂಬ ಹೆಸರನ್ನಿತ್ತಿತು. ಅದರ ಆವರಣದಲ್ಲಿಯೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ಡಿಸೆಂಬರ್ 27ರಂದು, ಅಂದರೆ ಚಿತ್ರ ತೆರೆಕಂಡ ಎರಡು ವರ್ಷಗಳ ಬಳಿಕ, ಇವೆರಡೂ ಸೇರಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಇಂದಿನ ನಿಮ್ಹಾನ್ಸ್, ರೂಪುಗೊಂಡಿತು.

ಹೆಸರು ಬದಲಾದರೂ ಜನರ ಬಾಯಲ್ಲಿ 'ಹುಚ್ಚಾಸ್ಪತ್ರೆ' ಎಂಬ ಮಾತೇ ಬಹುಕಾಲ ಉಳಿಯಿತು. ಅಲ್ಲಿಗೆ ಹೋಗಿ ಬಂದವರ ಮನೆಯೊಡನೆ ಮದುವೆ ಸಂಬಂಧ ಬೆಳೆಸಲು ಹಿಂಜರಿಯುವ ಕಾಲ ಅದು. ಇದೇ ಅವಧಿಯಲ್ಲಿ ಭಾರತದ ಕೆಲವೆಡೆ ಬೇರೆಯ ದಾರಿಯೂ ತೆರೆಯುತ್ತಿತ್ತು. ಅಮೃತಸರದಲ್ಲಿ ವೈದ್ಯ ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲುಗೊಳಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ಕುಟುಂಬದವರು ರೋಗಿಯೊಡನೆ ತಂಗುವ ಪದ್ಧತಿ ಬಂತು. ಮನೆಯವರು ಕಾಯಿಲೆಯನ್ನು ಅರಿತರೆ ಮರಳುವ ದಾರಿ ಸುಗಮವಾಗುತ್ತದೆ ಎಂಬುದು ಇವುಗಳ ಹಿಂದಿನ ತತ್ತ್ವ.

2009ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿ ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗ ಆರಂಭವಾಯಿತು. ಬಾಣಂತಿಯನ್ನು ಹಸುಗೂಸಿನಿಂದ ಅಗಲಿಸದೆ ಉಪಚರಿಸುವುದು ಇದರ ಉದ್ದೇಶ.

## ಕಾನೂನಿನ ಹಿನ್ನೆಲೆ

1972ರಲ್ಲಿ ಜಾರಿಯಲ್ಲಿದ್ದುದು ಬ್ರಿಟಿಷರ ಕಾಲದ 1912ರ ಭಾರತೀಯ ಉನ್ಮಾದ ಕಾಯ್ದೆ. ರೋಗಿಯನ್ನು ಸಮಾಜದಿಂದ ಬೇರೆ ಇರಿಸುವ ವ್ಯವಸ್ಥೆಗೆ ಅದರಲ್ಲಿ ಹೆಚ್ಚಿನ ಒತ್ತಿತ್ತು. ಅದರ ಸ್ಥಾನದಲ್ಲಿ 1987ರ ಮಾನಸಿಕ ಆರೋಗ್ಯ ಕಾಯ್ದೆಯೂ, ಮುಂದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಬಂದವು. 2018ರ ಮೇ 29ರಿಂದ ಜಾರಿಯಲ್ಲಿರುವ ಈ ಹೊಸ ಕಾಯ್ದೆಯ ಎರಡು ವಿಧಿಗಳು ಕಾವೇರಿಯ ಕಥೆಯನ್ನು ನೆನಪಿಗೆ ತರುತ್ತವೆ. 19ನೆಯ ವಿಧಿಯ ಪ್ರಕಾರ ಮಾನಸಿಕ ಕಾಯಿಲೆ ಇರುವವರಿಗೆ ಸಮಾಜದೊಳಗೆ ಬಾಳುವ ಹಕ್ಕಿದೆ. ಕುಟುಂಬವಿಲ್ಲ ಅಥವಾ ಕುಟುಂಬ ಸ್ವೀಕರಿಸುವುದಿಲ್ಲ ಎಂಬ ಕಾರಣ ಮಾತ್ರದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. 21ನೆಯ ವಿಧಿಯ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಕಾನೂನು ಹಕ್ಕನ್ನು ಕೊಡಬಲ್ಲದು. ಮನೆಯವರ ವಿಶ್ವಾಸವನ್ನು ಕೊಡಲಾರದು. ಚಿತ್ರ ಎತ್ತಿದ ಪ್ರಶ್ನೆಯ ಈ ಭಾಗ ಇಂದಿಗೂ ಉಳಿದಿದೆ.

## ಸಮಕಾಲೀನ ಚಿತ್ರಗಳು

ಮಾನಸಿಕ ಕಾಯಿಲೆ ಮತ್ತು ಕುಟುಂಬವನ್ನು ಕುರಿತು ಇದೇ ಕಾಲದಲ್ಲಿ ಬೇರೆ ದೇಶಗಳಲ್ಲಿಯೂ ಚಿತ್ರಗಳು ಬಂದವು. ಬ್ರಿಟನ್ನಿನ ನಿರ್ದೇಶಕ ಕೆನ್ ಲೋಚ್ ಅವರ 'ಫ್ಯಾಮಿಲಿ ಲೈಫ್' (1971) ತಂದೆತಾಯಿಗಳ ಕಟ್ಟುನಿಟ್ಟು ಮತ್ತು ಆಸ್ಪತ್ರೆಯ ಚಿಕಿತ್ಸೆಗಳ ನಡುವೆ ನಲುಗುವ ತರುಣಿಯೊಬ್ಬಳ ಕಥೆ. ಡೇವಿಡ್ ಮರ್ಸರ್ ಬರೆದ ಈ ಚಿತ್ರದಲ್ಲಿ ಆಡಂಬರವಿಲ್ಲದ, ಸಾಕ್ಷ್ಯಚಿತ್ರದಂಥ ಶೈಲಿಯಿದೆ. ಅಮೆರಿಕದ ಜಾನ್ ಕ್ಯಾಸವೆಟಿಸ್ ಅವರ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್' (1974) ಚಿತ್ರದಲ್ಲಿ ಗೃಹಿಣಿಯೊಬ್ಬಳು ಆರು ತಿಂಗಳ ಆಸ್ಪತ್ರೆವಾಸದ ನಂತರ ಪತಿ ಮತ್ತು ಮಕ್ಕಳ ಬಳಿಗೆ ಮರಳುತ್ತಾಳೆ.

ಭಾರತದಲ್ಲಿ ಅಸಿತ್ ಸೇನ್ ಅವರ ಬಂಗಾಳಿ ಚಿತ್ರ 'ದೀಪ್ ಜ್ವೇಲೆ ಜಾಯ್' (1959) ಮತ್ತು ಅವರೇ ನಿರ್ದೇಶಿಸಿದ ಅದರ ಹಿಂದಿ ಅವತರಣಿಕೆ 'ಖಾಮೋಶಿ' ಮಾನಸಿಕ ಆಸ್ಪತ್ರೆಯ ದಾದಿಯ ಕಥೆಯನ್ನು ಹೇಳಿದ್ದವು. ಶರಪಂಜರದಲ್ಲಿ ಕಥೆಯ ಕೇಂದ್ರ ಆಸ್ಪತ್ರೆಯಿಂದ ಮನೆಗೆ ಸ್ಥಳಾಂತರಗೊಂಡಿರುವುದು ಅದರ ವೈಶಿಷ್ಟ್ಯ.

## ಪ್ರಶಸ್ತಿ ಮತ್ತು ಜನಮನ್ನಣೆ

* 20ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ: ಕನ್ನಡದ ಅತ್ಯುತ್ತಮ ಚಿತ್ರ.
* ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿ: ಅತ್ಯುತ್ತಮ ನಟಿ, ಕಲ್ಪನಾ.

ಬೆಳ್ಳಿ ಮೋಡ, ಹಣ್ಣೆಲೆ ಚಿಗುರಿದಾಗ ಮತ್ತು ಶರಪಂಜರ ಚಿತ್ರಗಳಿಗಾಗಿ ಕಲ್ಪನಾ ಅವರಿಗೆ ರಾಜ್ಯಪ್ರಶಸ್ತಿ ದೊರೆಯಿತು. ಈ ಮೂರೂ ತ್ರಿವೇಣಿಯವರ ಕಾದಂಬರಿಗಳನ್ನು ಆಧರಿಸಿದ ಚಿತ್ರಗಳೇ ಆಗಿರುವುದು ವಿಶೇಷ.

ಚಿತ್ರ ದೀರ್ಘಕಾಲ ಪ್ರದರ್ಶನ ಕಂಡಿತು. ಮಹಿಳಾ ಪ್ರೇಕ್ಷಕರಿಂದ ಇದಕ್ಕೆ ಅಪಾರವಾದ ಮನ್ನಣೆ ದೊರೆಯಿತು. ಗಂಭೀರವೂ ದುಃಖಾಂತವೂ ಆದ ಕಥೆಯನ್ನು ಸಾಮಾನ್ಯ ಪ್ರೇಕ್ಷಕರು ಸ್ವೀಕರಿಸಬಲ್ಲರು ಎಂಬುದಕ್ಕೆ ಕನ್ನಡ ಚಿತ್ರರಂಗದಲ್ಲಿ ಇದು ನಿದರ್ಶನವಾಯಿತು.

## ನಂತರದ ಪ್ರಭಾವ

ಪುಟ್ಟಣ್ಣ ಕಣಗಾಲ್ ಅವರು ಮನಸ್ಸಿನ ಅಸ್ವಸ್ಥತೆಯ ವಸ್ತುವಿಗೆ ಮತ್ತೆ ಮರಳಿದ್ದು ಮಾನಸ ಸರೋವರ (1982) ಚಿತ್ರದಲ್ಲಿ. ಅದರಲ್ಲಿ ಮನೋವೈದ್ಯನೇ ಮಾನಸಿಕ ಸಮತೋಲನವನ್ನು ಕಳೆದುಕೊಳ್ಳುತ್ತಾನೆ. ಹೇಮಂತ್ ಎಂ. ರಾವ್ ನಿರ್ದೇಶನದ ಗೋಧಿ ಬಣ್ಣ ಸಾಧಾರಣ ಮೈಕಟ್ಟು (2016) ಚಿತ್ರದಲ್ಲಿ ಮರೆವಿನ ಕಾಯಿಲೆಯಿಂದ ಬಳಲುವ ತಂದೆಯನ್ನು ಮಗ ಹುಡುಕಿಕೊಂಡು ಹೊರಡುತ್ತಾನೆ. ತಂದೆಯ ಪಾತ್ರವನ್ನು ಅನಂತ್ ನಾಗ್, ಮಗನ ಪಾತ್ರವನ್ನು ರಕ್ಷಿತ್ ಶೆಟ್ಟಿ ವಹಿಸಿದ್ದಾರೆ. ಕಾಯಿಲೆಯಾದವರನ್ನು ಮನೆ ಕಳೆದುಕೊಳ್ಳುವ ಕಥೆ ಶರಪಂಜರದ್ದಾದರೆ, ಕಳೆದುಕೊಂಡವರನ್ನು ಮರಳಿ ಕಂಡುಕೊಳ್ಳುವ ಕಥೆ ಇದು.

ಮಾನಸಿಕ ಆರೋಗ್ಯದ ನೆರವು ಇಂದು ಹಿಂದಿಗಿಂತ ಹತ್ತಿರವಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಯ (14416) ಮೂಲಕ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ. ರೋಗಿಗಳಷ್ಟೇ ಅಲ್ಲದೆ ಅವರ ಮನೆಯವರೂ ಇದನ್ನು ಬಳಸಿಕೊಳ್ಳಬಹುದು.

## ಇವನ್ನೂ ನೋಡಿ

* ತ್ರಿವೇಣಿ
* ಪುಟ್ಟಣ್ಣ ಕಣಗಾಲ್
* ಕಲ್ಪನಾ (ನಟಿ)
* ಬೆಳ್ಳಿ ಮೋಡ
* ಮಾನಸ ಸರೋವರ
* ನಿಮ್ಹಾನ್ಸ್